ಬಾಸೆಲ್ ಊರಿನ ಅಗಸಿ

ನಮ್ಮ ಕಡೆ, ಅಂದರೆ ಕೊಪ್ಪಳದ ಸುತ್ತಿನ ಹಳ್ಳಿಗಳಲ್ಲಿ, ಊರಿಗೊಂದು ಅಗಸಿ ಇರುತ್ತದೆ. ಊರೊಳಗೆ ಕಾಲಿಡುವಲ್ಲಿ ಕಲ್ಲಿನ ಕಮಾನು, ಎರಡೂ ಬದಿಗೆ ಕಟ್ಟೆ, ಕಟ್ಟೆಯ ಮೇಲೆ ಹಿರಿಯರು. ನಾನು ಹುಡುಗನಾಗಿದ್ದಾಗ ಸುಗ್ಗಿಯಲ್ಲಿ ಯಾರ ಹೊಲದಿಂದ ಎಷ್ಟು ಚಕ್ಕಡಿ ಜೋಳ ಬಂತೆಂಬುದು ಮೊದಲು ತಿಳಿಯುತ್ತಿದ್ದುದು ಈ ಅಗಸಿ ಕಟ್ಟೆಗೆ. ಈ ವರ್ಷ ಮಗಳ ಲಗ್ನ ಮಾಡಬಹುದೇ, ಮನೆಗೆ ಇನ್ನೊಂದು ಅಂಕಣ ಸೇರಿಸಬಹುದೇ, ಅಥವಾ ಇದ್ದುದನ್ನೇ ಒಪ್ಪ ಮಾಡಿಕೊಂಡು ಕಾಲ ತಳ್ಳಬೇಕೇ ಎಂಬ ಲೆಕ್ಕಾಚಾರವೂ ಅಲ್ಲೇ ನಡೆಯುತ್ತಿತ್ತು. ಚಕ್ಕಡಿ ಕಡಿಮೆ ಬಂದ ವರ್ಷ ಊರು ಸುಮ್ಮನೆ ಕೂಡುತ್ತಿತ್ತು.

ಕಳೆದ ಮೇ ತಿಂಗಳಲ್ಲಿ, ಊರಿನಿಂದ ಏಳು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರದಲ್ಲಿ, ಇನ್ನೊಂದು ಅಗಸಿಯ ಕೆಳಗೆ ನಿಂತಿದ್ದೆ. ಇಪ್ಪತ್ತೈದು ವರ್ಷಗಳ ಹಿಂದೆ ತರಗತಿಯಲ್ಲಿ ನಾನಾಡಿದ ಒಂದು ಮಾತು ಅಲ್ಲಿ ಎದುರಿಗೆ ಬಂದು ನಿಂತಿತು. ಆ ಮಾತು ಏನೆಂಬುದನ್ನು ಆಮೇಲೆ ಹೇಳುತ್ತೇನೆ. ಮೊದಲು ಊರು ನೋಡೋಣ.

ಬಾಸೆಲ್ ಸ್ವಿಟ್ಜರ್ಲೆಂಡಿನ ವಾಯವ್ಯ ಮೂಲೆಯಲ್ಲಿದೆ. ಮೂರು ದೇಶಗಳು ಕೂಡುವ ಜಾಗ. ಬೆಳಿಗ್ಗೆ ಮನೆಯಿಂದ ಹೊರಟು ನಡೆಯುತ್ತ ಫ್ರಾನ್ಸಿಗೆ ಹೋಗಿ, ಜರ್ಮನಿಯಲ್ಲಿ ಕಾಫಿ ಕುಡಿದು, ಮಧ್ಯಾಹ್ನದ ಊಟಕ್ಕೆ ಮರಳಬಹುದು. ಪಶ್ಚಿಮಕ್ಕೆ ಹರಿದು ಬರುವ ರೈನ್ ನದಿ ಇಲ್ಲಿ ಉತ್ತರಕ್ಕೆ ಹೊರಳುತ್ತದೆ. ಮಗಳು ಅಲ್ಲಿ ಕೆಲಸದಲ್ಲಿದ್ದಾಳೆ. ಎರಡು ವರ್ಷದಿಂದ ಕರೆಯುತ್ತಿದ್ದಳು. ಬೇಸಿಗೆ ರಜೆಯಲ್ಲಿ ಮನೆಯಾಕೆಯೊಂದಿಗೆ ಹೋಗಿ ಇಪ್ಪತ್ತು ದಿನ ಇದ್ದು ಬಂದೆ. ಊಟದ ಪೆಟ್ಟಿಗೆಯಲ್ಲಿ ಕಟಕ ರೊಟ್ಟಿಯೂ ಶೇಂಗಾ ಚಟ್ನಿಯೂ ಇದ್ದುದರಿಂದ ಮೊದಲ ವಾರ ಪರದೇಶವೆನಿಸಲಿಲ್ಲ.

ವಿಜ್ಞಾನದ ಮೇಷ್ಟ್ರಾದ ನನಗೆ ಅಲ್ಲಿ ತುಂಬ ಹಿಡಿಸಿದ್ದು ನದಿ ದಾಟಿಸುವ ದೋಣಿಗಳು. ಅವಕ್ಕೆ ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ನದಿಯ ಅಡ್ಡಕ್ಕೆ ಮೇಲೊಂದು ತಂತಿ ಬಿಗಿದಿದ್ದಾರೆ, ದೋಣಿಯನ್ನು ಅದಕ್ಕೆ ಕಟ್ಟಿದ್ದಾರೆ. ಅಂಬಿಗ ದೋಣಿಯನ್ನು ತುಸು ಓರೆ ಮಾಡುತ್ತಾನೆ, ಅಷ್ಟೆ. ನೀರಿನ ಸೆಳೆತವೇ ಅದನ್ನು ಆಚೆ ದಡಕ್ಕೆ ತಳ್ಳುತ್ತದೆ. ಬಲದ ಘಟಕಗಳನ್ನು ಬೋರ್ಡಿನ ಮೇಲೆ ಬಾಣ ಬರೆದು ಕಲಿಸುವ ನಾನು ಒಂದೇ ದಿನ ನಾಲ್ಕು ಸಲ ದಾಟಿದೆ. ಮಗಳು ನಕ್ಕಳು.

ಬಾಸೆಲ್ ಎಂದರೆ ಕನ್ನಡಿಗರಿಗೆ ನೆನಪಾಗುವುದು ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದವರು, ಹೆಂಚು ಸುಟ್ಟವರು, ನೇಯ್ಗೆ ಕಲಿಸಿದವರು. 1843ರಲ್ಲಿ ಹೊರಟ ಮೊದಲ ಕನ್ನಡ ಪತ್ರಿಕೆ ‘ಮಂಗಳೂರ ಸಮಾಚಾರ’ದ ಮೋಗ್ಲಿಂಗ್ ಈ ಮಿಷನ್ನಿನವರು. 1894ರಲ್ಲಿ ಅಚ್ಚಾದ ದೊಡ್ಡ ನಿಘಂಟಿನ ಕಿಟ್ಟೆಲ್ ಕೂಡ ಇವರೇ. ಆ ಮಿಷನ್ನಿನ ಮನೆ ಈಗಲೂ ಇದೆ ಎಂದು ತಿಳಿದ ಮೇಲೆ ನೋಡದೆ ಬರುವುದುಂಟೇ? ಮೂರನೆಯ ನಂಬರಿನ ಹಸಿರು ಟ್ರಾಮ್ ಹತ್ತಿ ‘ಸ್ಪಾಲೆನ್‌ಟೋರ್’ ಎಂಬಲ್ಲಿ ಇಳಿದೆವು. ಮಿಷನ್ ಬೀದಿ ಶುರುವಾಗುವುದೇ ಅಲ್ಲಿಂದ. ಇಳಿದು ತಲೆ ಎತ್ತಿದರೆ ಎದುರಿಗೆ ಅಗಸಿ!

ನಮ್ಮೂರ ಅಗಸಿಗಿಂತ ಎಷ್ಟೋ ಪಾಲು ಎತ್ತರ, ನಿಜ. ನಡುವೆ ಚೌಕಾಕಾರದ ಗೋಪುರ, ಅದರ ನೆತ್ತಿಗೆ ಬಣ್ಣಬಣ್ಣದ ಹೊಳೆಯುವ ಹೆಂಚಿನ ಚೂಪು ಮಾಡು, ಎರಡು ಪಕ್ಕಕ್ಕೆ ಎರಡು ದುಂಡು ಬುರುಜುಗಳು. ಬಾಗಿಲ ಮೇಲೆ ಮಗುವನ್ನೆತ್ತಿಕೊಂಡ ಮೇರಿಯ ಮೂರ್ತಿ. 1356ರ ಅಕ್ಟೋಬರ್ 18ರಂದು ಬಾಸೆಲ್‌ನಲ್ಲಿ ದೊಡ್ಡ ಭೂಕಂಪವಾಗಿ ಊರು ನೆಲಸಮವಾಯಿತು. ಅದಾದ ಮೇಲೆ ಊರಿನ ಸುತ್ತ ಹೊಸ ಕೋಟೆ ಕಟ್ಟಿದಾಗ ಎದ್ದ ಬಾಗಿಲಿದು. ಹತ್ತೊಂಬತ್ತನೆಯ ಶತಮಾನದಲ್ಲಿ ಊರು ಬೆಳೆದು ಕೋಟೆ ಬಿಗಿಯಾದಾಗ ಗೋಡೆಗಳನ್ನು ಕೆಡವಿದರು. ಮೂರು ಬಾಗಿಲುಗಳು ಮಾತ್ರ ಉಳಿದವು. ಅವುಗಳಲ್ಲಿ ಎಲ್ಲಕ್ಕಿಂತ ಚೆಂದದ್ದು ಇದೇ. ಪಶ್ಚಿಮದ ಆಲ್ಸೇಸ್ ಬಯಲಿನಿಂದ ಊರಿಗೆ ಬೇಕಾದ ಸಾಮಗ್ರಿ ತುಂಬಿದ ಗಾಡಿಗಳು ಈ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದವು. ಎಲ್ಲಿಯ ಆಲ್ಸೇಸ್, ಎಲ್ಲಿಯ ಕೊಪ್ಪಳ! ಅಗಸಿಯ ಕೆಲಸ ಮಾತ್ರ ಒಂದೇ.

ನಮ್ಮ ಜೊತೆ ಮಗಳ ನೆರೆಮನೆಯ ತರುಣನೊಬ್ಬ ಬಂದಿದ್ದ. ತಮಿಳುನಾಡಿನವನು, ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಯೀಸ್ಟ್ ಮೇಲೆ ಸಂಶೋಧನೆ ಮಾಡುತ್ತಿದ್ದಾನೆ. ನಾನು ಅಗಸಿಯ ಸುದ್ದಿ ತೆಗೆದದ್ದೇ ತಡ, ಅವನ ಮುಖ ಅರಳಿತು. “ಸಾರ್, ಈ ಬಾಗಿಲಿನ ಹೆಸರು ನಿಮ್ಮ ಮೈಯೊಳಗಿದೆ, ಗೊತ್ತೇ?” ಎಂದ.

ಜರ್ಮನ್ ಭಾಷೆಯಲ್ಲಿ ‘ಟೋರ್’ ಎಂದರೆ ಬಾಗಿಲು, ಊರಬಾಗಿಲು. 1991ರಲ್ಲಿ ಈ ಊರಿನ ಬಯೋಝೆಂಟ್ರಮ್ ಎಂಬ ಸಂಸ್ಥೆಯಲ್ಲಿ ಮೈಕೆಲ್ ಹಾಲ್ ಮತ್ತು ಜೋಸೆಫ್ ಹೀಟ್‌ಮನ್, ಆಗಿನ ಸ್ಯಾಂಡೋಜ್ ಕಂಪನಿಯ ರಾವ್ ಮೊವ್ವ ಎಂಬ ಮೂವರು ಸೇರಿ ಯೀಸ್ಟ್‌ನಲ್ಲಿ ಎರಡು ಜೀನ್‌ಗಳನ್ನು ಹುಡುಕಿದರು. ಅವಕ್ಕಿಟ್ಟ ಹೆಸರು ‘ಟಾರ್’, ಅಂದರೆ ‘ರಾಪಮೈಸಿನ್ ಔಷಧಿಯ ಗುರಿ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು. ಜೊತೆಗೆ, ಎದುರಿಗೇ ನಿಂತಿದ್ದ ಈ ಹಳೆಯ ಬಾಗಿಲಿಗೂ ಅದರಲ್ಲಿ ಒಂದು ನಮಸ್ಕಾರ ಸಲ್ಲಿಸಿದ್ದರು.

ಈ ರಾಪಮೈಸಿನ್ ಬಂದ ದಾರಿಯೇ ಒಂದು ಕಥೆ. 1964ರ ಕೊನೆಯಲ್ಲಿ ಕೆನಡಾದ ವೈದ್ಯರೂ ವಿಜ್ಞಾನಿಗಳೂ ಹಡಗಿನಲ್ಲಿ ಶಾಂತಸಾಗರದ ಈಸ್ಟರ್ ದ್ವೀಪಕ್ಕೆ ಹೋದರು. ದೊಡ್ಡ ಕಲ್ಲುಮುಖಗಳ ದ್ವೀಪ. ಅಲ್ಲಿಯವರು ಅದನ್ನು ರಾಪಾ ನುಯಿ ಎನ್ನುತ್ತಾರೆ. ಅಲ್ಲಿಂದ ತಂದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯಾ ಶಿಲೀಂಧ್ರಗಳನ್ನು ತಡೆಯುವ ವಸ್ತುವನ್ನು ತಯಾರಿಸುತ್ತಿತ್ತು. ಮಾಂಟ್ರಿಯಲ್‌ನ ಆಯೆರ್ಸ್ಟ್ ಕಂಪನಿಯ ಪ್ರಯೋಗಶಾಲೆಯಲ್ಲಿ ಅದನ್ನು ಬೇರ್ಪಡಿಸಿದವರಲ್ಲಿ ಮುಖ್ಯರು, ಈಗ ಪಾಕಿಸ್ತಾನಕ್ಕೆ ಸೇರಿದ ಹಳ್ಳಿಯಲ್ಲಿ 1932ರಲ್ಲಿ ಹುಟ್ಟಿದ ಸುರೇನ್ ಸೆಹಗಲ್. ದ್ವೀಪದ ಹೆಸರಿನಿಂದಲೇ ರಾಪಮೈಸಿನ್ ಆಯಿತು. 1980ರ ದಶಕದ ಆರಂಭದಲ್ಲಿ ಆ ಪ್ರಯೋಗಶಾಲೆ ಮುಚ್ಚಿ ಕೆಲಸ ನಿಂತಾಗ ಸೆಹಗಲ್ ಬ್ಯಾಕ್ಟೀರಿಯಾವನ್ನು ಮನೆಗೆ ಒಯ್ದು ಫ್ರೀಜರಿನಲ್ಲಿ ಕಾಪಾಡಿದರು. ಊರು ಬದಲಿಸುವಾಗಲೂ ಬಿಡಲಿಲ್ಲ. 1999ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕಸಿ ಮಾಡಿದ ಮೂತ್ರಪಿಂಡವನ್ನು ರೋಗಿಯ ದೇಹ ತಿರಸ್ಕರಿಸದಂತೆ ಕೊಡುವ ಔಷಧಿಗಳಲ್ಲಿ ಇಂದು ಅದೂ ಒಂದು.

ಆದರೆ ಅದು ಜೀವಕೋಶದೊಳಗೆ ಹೋಗಿ ಮಾಡುವುದೇನು? ಬಾಸೆಲ್‌ನವರು ಕೈಗೆತ್ತಿಕೊಂಡ ಪ್ರಶ್ನೆ ಇದು. ಯೀಸ್ಟ್‌ಗೆ ರಾಪಮೈಸಿನ್ ಹಾಕಿದರೆ ಬೆಳವಣಿಗೆ ನಿಲ್ಲುತ್ತದೆ. ಕೋಟಿಗಟ್ಟಲೆ ಯೀಸ್ಟ್ ಹರಡಿ, ಔಷಧಿಯ ನಡುವೆಯೂ ಹಟಹಿಡಿದು ಬೆಳೆದ ಕೆಲವನ್ನು ಆರಿಸಿ, ಅವುಗಳಲ್ಲಿ ಯಾವ ಜೀನ್ ಬದಲಾಗಿದೆ ಎಂದು ನೋಡಿದರು. ಹಾಗೆ ಸಿಕ್ಕಿದ್ದು ಟಾರ್. ಅದು ಉಳಿದ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಿ ಅವನ್ನು ಕೆಲಸಕ್ಕೆ ಹಚ್ಚುವ ಅಥವಾ ಬಿಡಿಸುವ ಕಿಣ್ವ. 1994ರ ಹೊತ್ತಿಗೆ ಬೇರೆ ತಂಡಗಳು ಪ್ರಾಣಿಗಳ ಜೀವಕೋಶದಲ್ಲೂ ಅದನ್ನು ಕಂಡವು. ಯೀಸ್ಟ್‌ನಿಂದ ಮನುಷ್ಯನವರೆಗೆ ಒಂದೇ ಅಗಸಿ.

ಮುಂದಿನದು ನನ್ನನ್ನು ತಡೆದು ನಿಲ್ಲಿಸಿದ ಸಂಗತಿ. 1996ರಲ್ಲಿ ಹಾಲ್ ತಂಡ ಗಮನಿಸಿದ್ದೇನೆಂದರೆ, ಟಾರ್ ಕೆಲಸ ನಿಂತ ಯೀಸ್ಟ್ ಥೇಟ್ ಉಪವಾಸ ಬಿದ್ದ ಯೀಸ್ಟ್‌ನಂತೆ ವರ್ತಿಸುತ್ತದೆ. ಸುತ್ತಲೂ ಸಕ್ಕರೆ ಇದೆ, ಅಮೈನೊ ಆಮ್ಲ ಇದೆ, ಬೇಕಾದುದೆಲ್ಲ ಇದೆ. ಆದರೂ ಅದು ಬೆಳೆಯದೆ, ಒಡೆದು ಎರಡಾಗದೆ, ಬರಗಾಲದ ಊರಿನಂತೆ ಸುಮ್ಮನೆ ಕೂಡುತ್ತದೆ.

ಇದರ ಅರ್ಥವನ್ನು ಯೋಚಿಸಿ. ಆಹಾರ ತೀರಿದರೆ ಬೆಳವಣಿಗೆ ತಾನಾಗಿ ನಿಲ್ಲುತ್ತದೆ, ಕಟ್ಟಿಗೆ ತೀರಿದ ಒಲೆ ಆರಿದಂತೆ ಎಂದು ನಾವು ಓದಿದ್ದೆವು. ಹಾಗೆಯೇ ಕಲಿಸಿದೆವು. ಆದರೆ ಇಲ್ಲಿ ಒಲೆಯ ಪಕ್ಕದಲ್ಲಿ ಕಟ್ಟಿಗೆಯ ರಾಶಿಯೇ ಇದೆ! ಒಲೆ ಮಾತ್ರ ಆರಿದೆ. ಅಂದರೆ ಜೀವಕೋಶದಲ್ಲಿ ಆಹಾರ ಬೇರೆ, ಆಹಾರ ಬಂದಿದೆ ಎಂಬ ಸುದ್ದಿ ಬೇರೆ. ಬೆಳೆಯುವುದೋ ಬಿಡುವುದೋ ಎಂದು ಅದು ಸುದ್ದಿ ನೋಡಿ ತೀರ್ಮಾನಿಸುತ್ತದೆ.

ಈ ಸುದ್ದಿ ಮುಟ್ಟುವ ಬಗೆ ಈಗ ಸಾಕಷ್ಟು ತಿಳಿದಿದೆ. ನಾವು ತಿಂದ ಬೇಳೆಯ ಪ್ರೋಟೀನು ಕರಗಿ ಅಮೈನೊ ಆಮ್ಲಗಳಾಗಿ ರಕ್ತ ಸೇರಿ ಜೀವಕೋಶಕ್ಕೆ ಬರುತ್ತದೆ. ಅವುಗಳಲ್ಲೊಂದು ಲ್ಯೂಸಿನ್. ಜೀವಕೋಶದಲ್ಲಿ ಸೆಸ್ಟ್ರಿನ್ ಎಂಬ ಪ್ರೋಟೀನು ಇದೆ. ಲ್ಯೂಸಿನ್ ಇಲ್ಲದಾಗ ಅದು ಟಾರ್‌ನ ದಾರಿಗೆ ಅಡ್ಡಗಟ್ಟುತ್ತದೆ. ಲ್ಯೂಸಿನ್ ಬಂದು ಕೈ ಹಿಡಿದಾಗ ದಾರಿ ಬಿಡುತ್ತದೆ. ಆಗ ಟಾರ್ ಲೈಸೊಸೋಮ್ ಎಂಬ ಚೀಲದ ಮೇಲ್ಮೈಗೆ ಬಂದು ಕೂಡುತ್ತದೆ. ಲೈಸೊಸೋಮ್ ಎಂದರೆ ಹಳೆಯ ಸಾಮಾನು ಒಡೆದು ಕರಗಿಸುವ ಜಾಗ ಎಂದು ಎಂಟನೆಯ ತರಗತಿಯಿಂದ ನಾವು ಹೇಳುತ್ತ ಬಂದಿದ್ದೇವೆ. ಅದೇ ಅಗಸಿ ಕಟ್ಟೆಯೂ ಹೌದೆಂದು ನಮಗೆ ಗೊತ್ತಿರಲಿಲ್ಲ. ಅಷ್ಟರಿಂದಲೂ ಟಾರ್ ಪೂರ್ತಿ ಎಚ್ಚರಗೊಳ್ಳುವುದಿಲ್ಲ. ಊಟವಾಗಿದೆ ಎಂದು ಇನ್ಸುಲಿನ್ ಇಡೀ ದೇಹದ ಪರವಾಗಿ ಹೇಳಬೇಕು. ಜೀವಕೋಶದಲ್ಲಿ ಶಕ್ತಿಯ ದಾಸ್ತಾನು ಇರಬೇಕು. ಎಲ್ಲ ಕೂಡಿದಾಗ ಅಪ್ಪಣೆ ಹೊರಡುತ್ತದೆ: ಪ್ರೋಟೀನು ಕಟ್ಟಿ, ಕೊಬ್ಬು ಕಟ್ಟಿ, ರೈಬೊಸೋಮ್ ಹೆಚ್ಚಿಸಿ, ದೊಡ್ಡದಾಗಿ.

ಸುದ್ದಿ ಬರದಿದ್ದರೆ ಅಪ್ಪಣೆ ತಿರುಗುಮುರುಗು. ಕಟ್ಟುವುದು ನಿಲ್ಲುತ್ತದೆ. ಜೀವಕೋಶ ತನ್ನದೇ ಹಳೆಯ ಭಾಗಗಳನ್ನು ಚೀಲದಲ್ಲಿ ಸುತ್ತಿ ಕರಗಿಸಿ ಆ ಸಾಮಗ್ರಿಯಿಂದ ದಿನ ದೂಡುತ್ತದೆ. ಈ ಸ್ವಭಕ್ಷಣೆಯ ಗುಟ್ಟನ್ನು ಯೀಸ್ಟ್‌ನಲ್ಲಿ ಬಿಡಿಸಿದ ಜಪಾನಿನ ಯೋಶಿನೋರಿ ಒಸುಮಿಯವರಿಗೆ 2016ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಸಂಜೆ ಮತ್ತೆ ದೋಣಿಯಲ್ಲಿ ದಾಟುವಾಗ ಆ ತರುಣ ನದಿಯನ್ನು ತೋರಿಸಿ ಇನ್ನೊಂದು ವಿಷಯ ಹೇಳಿದ. ಜೀವಕೋಶದ ಕೇಂದ್ರದಲ್ಲಿ ಇಂದು ನಾವು ಡಿಎನ್‌ಎ ಎನ್ನುವ ವಸ್ತುವನ್ನು 1869ರಲ್ಲಿ ಮೊದಲು ಕಂಡ ಫ್ರೀಡ್ರಿಶ್ ಮೀಶರ್ ಈ ಊರಿನವರು. ಆಗ ರೈನ್‌ನಲ್ಲಿ ಸಾಲ್ಮನ್ ಮೀನು ಬೇಕಾದಷ್ಟಿತ್ತು. ಸಮುದ್ರದಿಂದ ನದಿಯೇರಿ ಮೊಟ್ಟೆಯಿಡಲು ಬರುವ ಮೀನು ಅದು. ಮೀಶರ್ ಅವನ್ನು ಕೊಯ್ದು ತೂಗಿ ನೋಡಿ, ನದಿಗೆ ಬಂದ ಮೇಲೆ ಈ ಮೀನು ತಿಂಗಳುಗಟ್ಟಲೆ ಏನೂ ತಿನ್ನುವುದಿಲ್ಲವೆಂದು ಕಂಡುಕೊಂಡರು. ಅದರ ಬೆನ್ನಿನ ಮಾಂಸ ಕರಗುತ್ತ ಹೋಗುತ್ತದೆ, ಆ ಸಾರದಿಂದಲೇ ಮೊಟ್ಟೆ, ವೀರ್ಯ ತಯಾರಾಗುತ್ತವೆ. ಹಸಿದ ದೇಹ ಯಾವುದನ್ನು ಕರಗಿಸಬೇಕು, ಯಾವುದನ್ನು ಉಳಿಸಬೇಕೆಂದು ಲೆಕ್ಕ ಹಾಕುತ್ತದೆ ಎಂಬುದು ನೂರು ವರ್ಷಕ್ಕೂ ಹಿಂದೆಯೇ ಈ ನದಿಯ ದಂಡೆಯಲ್ಲಿ ಕಂಡಿತ್ತು. ಆ ಲೆಕ್ಕ ಬರೆಯುವ ಕೈಗಳಲ್ಲೊಂದು ಸಿಕ್ಕಿದ್ದೂ ಅದೇ ಊರಿನಲ್ಲಿ.

ದೋಣಿಯಲ್ಲಿ ನಾನು ಸುಮ್ಮನಾದೆ. ನನ್ನ ಮಾತಿನ ನೆನಪಾದದ್ದು ಆಗ.

1999ರ ಜೂನ್. ನಮ್ಮ ಹೈಸ್ಕೂಲಿನಲ್ಲಿ ಪ್ರತಿ ವರ್ಷ ಶಾಲೆ ಶುರುವಾದ ಮೊದಲ ವಾರ ಮಕ್ಕಳನ್ನು ಗೋಡೆಗೆ ನಿಲ್ಲಿಸಿ ನೆತ್ತಿಯ ಮೇಲೆ ಸ್ಕೇಲ್ ಇಟ್ಟು ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದೆ. ಬೆಳವಣಿಗೆಯ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಯೋಗ ಯಾವುದು? ಒಂಬತ್ತನೆಯ ತರಗತಿಯ ಒಬ್ಬ ಹುಡುಗ, ಹೆಸರು ಬೇಡ, ಹಿಂದಿನ ವರ್ಷದ ಗೆರೆಯ ಮೇಲೆಯೇ ನಿಂತ. ಬೆರಳಿನ ಅಗಲವೂ ಏರಿರಲಿಲ್ಲ. ಪ್ರಾರ್ಥನೆಯ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಿದ್ದವನು, ಮೂರನೆಯ ಪಿರಿಯಡ್ಡಿಗೆ ತೂಕಡಿಸುತ್ತಿದ್ದವನು. “ಏನಪಾ, ನಿನ್ನ ಜೀವಕೋಶಗಳೂ ನಿನ್ನ ಹಂಗ ಸೋಮಾರಿ ಏನು?” ಎಂದೆ. ತರಗತಿ ಗೊಳ್ಳೆಂದು ನಕ್ಕಿತು. ಅವನೂ ನಕ್ಕ.

ಅವನ ಮನೆಯಲ್ಲಿ ಒಲೆ ಹಚ್ಚುತ್ತಿದ್ದುದು ತಾಯಿ ಕೂಲಿಯಿಂದ ಬಂದ ಮೇಲೆ, ರಾತ್ರಿ ಮಾತ್ರ ಎಂದು ಗೊತ್ತಾದದ್ದು ದೀಪಾವಳಿ ರಜೆ ಮುಗಿದು ಅವನು ಶಾಲೆಗೆ ಬಾರದಿದ್ದಾಗ. ವಿಚಾರಿಸಲು ಹೋದರೆ ಮನೆಗೆ ಬೀಗ. ಮನೆಮಂದಿಯೆಲ್ಲ ದುಡಿಯಲು ಗೋವಾ ಕಡೆ ಹೋಗಿದ್ದರು. ಪಕ್ಕದ ಮನೆಯ ಮುದುಕಿ ಹೇಳಿದಳು, “ಹುಡುಗ ಮುಂಜಾನೆ ಬರೇ ಚಾ ಕುಡಿದು ಸಾಲಿಗೆ ಓಡ್ತಿತ್ತರಿ.” ಆಗ ಹೈಸ್ಕೂಲಿಗೆ ಬಿಸಿಯೂಟ ಇರಲಿಲ್ಲ. ಅಕ್ಷರ ದಾಸೋಹ ನಮ್ಮ ಭಾಗದ ಪ್ರಾಥಮಿಕ ಶಾಲೆಗಳಿಗೆ ಬಂದದ್ದು 2002ರಲ್ಲಿ, ನಮ್ಮ ಮಕ್ಕಳಿಗೆ 2007ರಲ್ಲಿ.

ಅಂದಿನಿಂದ ನನ್ನ ಮಾತು ಒರಟಾಯಿತೆಂದು ನೊಂದುಕೊಂಡಿದ್ದೆ. ಬಾಸೆಲ್‌ನಲ್ಲಿ ತಿಳಿದದ್ದೆಂದರೆ, ನನ್ನ ಮಾತು ವಿಜ್ಞಾನದ ದೃಷ್ಟಿಯಿಂದಲೂ ತಪ್ಪು. ಅವನ ಜೀವಕೋಶಗಳು ಸೋಮಾರಿಯಾಗಿರಲಿಲ್ಲ. ಅವು ಅಗಸಿ ಕಟ್ಟೆಯ ಹಿರಿಯರಂತೆ ಬಂದ ಚಕ್ಕಡಿಗಳನ್ನು ಎಣಿಸಿ, ಈ ವರ್ಷ ಅಂಕಣ ಕಟ್ಟುವುದು ಬೇಡ, ಮಿದುಳೂ ಹೃದಯವೂ ನಡೆದರೆ ಸಾಕು ಎಂದು ತೀರ್ಮಾನ ಮಾಡಿದ್ದವು. ಇದ್ದುದರಲ್ಲಿ ಅವನನ್ನು ಬದುಕಿಸುತ್ತಿದ್ದವು. ಮೂರನೆಯ ಪಿರಿಯಡ್ಡಿನ ತೂಕಡಿಕೆಗೂ ಬಹುಶಃ ಅದೇ ಮಿತವ್ಯಯ ಕಾರಣ.

ಎತ್ತರಕ್ಕೆ ಕಾರಣ ಒಂದೇ ಅಲ್ಲ. ವಂಶ, ಹಾರ್ಮೋನು, ಪದೇಪದೇ ಬರುವ ಭೇದಿ, ತಾಯಿಯ ಆರೋಗ್ಯ ಎಲ್ಲವೂ ಸೇರುತ್ತವೆ. ಆದರೆ 2016ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ಆ ತರುಣ ತೋರಿಸಿದ. ಆಫ್ರಿಕಾದ ಮಲಾವಿ ದೇಶದ ಹಳ್ಳಿಗಳಲ್ಲಿ ಮುನ್ನೂರಕ್ಕೂ ಹೆಚ್ಚು ಚಿಕ್ಕ ಮಕ್ಕಳ ರಕ್ತ ಪರೀಕ್ಷಿಸಿದಾಗ, ಕುಂಠಿತ ಬೆಳವಣಿಗೆಯ ಮಕ್ಕಳಲ್ಲಿ ದೇಹ ತಾನೇ ತಯಾರಿಸಿಕೊಳ್ಳಲಾರದ ಒಂಬತ್ತೂ ಅಮೈನೊ ಆಮ್ಲಗಳು ಕಡಿಮೆ ಇದ್ದವು. ಅಲ್ಲಿಯ ಊಟ ಹೆಚ್ಚಾಗಿ ಮೆಕ್ಕೆಜೋಳ. ಹೊಟ್ಟೆ ತುಂಬಬಹುದು, ಅಗಸಿಗೆ ಬೇಕಾದ ಸುದ್ದಿ ಮುಟ್ಟುವುದಿಲ್ಲ. ಅಮೈನೊ ಆಮ್ಲದ ಕೊರತೆಯಿಂದ ಟಾರ್ ತಡೆಹಿಡಿಯುವುದೂ ಕುಂಠಿತಕ್ಕೆ ಒಂದು ಕಾರಣವಿರಬಹುದೆಂದು ಅಧ್ಯಯನ ಮಾಡಿದವರು ಊಹಿಸುತ್ತಾರೆ. ನಮ್ಮ ಜೋಳದ ರೊಟ್ಟಿಯಲ್ಲೂ ಲೈಸಿನ್ ಎಂಬ ಅಮೈನೊ ಆಮ್ಲ ಕಡಿಮೆ. ತೊಗರಿ, ಹೆಸರು, ಕಡಲೆಯಲ್ಲಿ ಅದು ಹೇರಳ. ರೊಟ್ಟಿಯ ಮೇಲೆ ಒಂದು ಸೌಟು ಬೇಳೆಪಲ್ಯ ಬಿದ್ದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ನಮ್ಮ ಅಜ್ಜಿಯರಿಗೆ ಲೈಸಿನ್ ಗೊತ್ತಿರಲಿಲ್ಲ, ಬಡಿಸುವುದು ಗೊತ್ತಿತ್ತು. ಬೇಳೆ ಕೊಳ್ಳುವ ಕಾಸಿಲ್ಲದ ಮನೆಯಲ್ಲಿ ಮಾತ್ರ ಆ ತಿಳಿವಳಿಕೆಯಿಂದ ಪ್ರಯೋಜನವಿಲ್ಲ.

ಈಗ ಟಾರ್ ಸುದ್ದಿಗೆ ಇನ್ನೊಂದು ಮುಖವೂ ಬಂದಿದೆ. 2009ರಲ್ಲಿ ಅಮೆರಿಕದ ವಿಜ್ಞಾನಿಗಳು ವಯಸ್ಸಾದ ಇಲಿಗಳಿಗೆ ರಾಪಮೈಸಿನ್ ಉಣಿಸಿದಾಗ ಅವುಗಳ ಆಯುಷ್ಯ ಹೆಚ್ಚಿತು. ಮನುಷ್ಯರಲ್ಲಿ ಇದು ಸಿದ್ಧವಾಗಿಲ್ಲ. ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧಿಯಾದ್ದರಿಂದ ವೈದ್ಯರ ಮಾತಿಲ್ಲದೆ ಮುಟ್ಟುವಂಥದೂ ಅಲ್ಲ. ಆದರೂ ಶ್ರೀಮಂತ ದೇಶಗಳಲ್ಲಿ ಕೆಲವರು ಮುಪ್ಪನ್ನು ಮುಂದೂಡಲು ಇದನ್ನು ನುಂಗುತ್ತಿದ್ದಾರಂತೆ. ಉಂಡು ತೇಗಿದವರು ಅಗಸಿ ಮುಚ್ಚಿಸಲು ಮಾತ್ರೆ ಹುಡುಕುತ್ತಿದ್ದಾರೆ. ನನ್ನ ಹುಡುಗನಿಗೆ ಅದು ತೆರೆದೇ ಇರಲಿಲ್ಲ.

ಹೊರಡುವ ಹಿಂದಿನ ದಿನ ಒಬ್ಬನೇ ಮತ್ತೆ ಸ್ಪಾಲೆನ್‌ಟೋರ್‌ಗೆ ಹೋದೆ. ಪಕ್ಕದ ವಿಶ್ವವಿದ್ಯಾಲಯದ ಸಸ್ಯೋದ್ಯಾನದಲ್ಲಿ ಸ್ವಲ್ಪ ಹೊತ್ತು ಕುಳಿತೆ. ಶಾಲೆ ಬಿಟ್ಟ ಮಕ್ಕಳ ಗುಂಪೊಂದು ಬಾಗಿಲ ಕಮಾನಿನ ಕೆಳಗೆ ಹಾದು ಹೋಯಿತು. ಬೆನ್ನಿಗೆ ಚೀಲ, ಕೈಯಲ್ಲಿ ತಿಂಡಿ. ಹತ್ತು ವರ್ಷದವೆಂದು ಕಂಡವು ನಮ್ಮ ಹದಿಮೂರರವರಷ್ಟು ಎತ್ತರ. ನೋಡುತ್ತ ಕುಳಿತು, ಕತ್ತಲಾಗುವ ಮೊದಲು ಟ್ರಾಮ್ ಹಿಡಿದೆ.

ಜೂನ್‌ನಲ್ಲಿ ಶಾಲೆ ಶುರುವಾಯಿತು. ಆ ಹಳೆಯ ಗೋಡೆಗೆ ಎಷ್ಟೋ ಸಲ ಸುಣ್ಣ ಬಳಿದಾಗಿದೆ, 1999ರ ಗೆರೆ ಅಡಿಯಲ್ಲೆಲ್ಲೋ ಇದೆ. ಈ ಸಲವೂ ಮಕ್ಕಳನ್ನು ನಿಲ್ಲಿಸಿ ಅಳೆದೆ. ಆದರೆ ಸ್ಕೇಲ್ ಇಡುವ ಮೊದಲು ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, ಮುಂಜಾನೆ ಏನು ತಿಂದೆ ಎಂದು ಮೆಲ್ಲಗೆ ಕೇಳಿ, ಗೆರೆಯ ಪಕ್ಕದಲ್ಲಲ್ಲ, ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ನಲವತ್ತೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಬರೀ ಚಹ ಎಂದರು. ಮಧ್ಯಾಹ್ನದ ಊಟಕ್ಕೆ ಇನ್ನೂ ಮೂರು ಗಂಟೆ ಇತ್ತು. ಮರುದಿನದಿಂದ ನಾವು ಮೂವರು ಮೇಷ್ಟ್ರು ಸೇರಿ, ಮೊದಲ ಗಂಟೆಗೆ ಮುಂಚೆ, ಯಾರ ಹೆಸರನ್ನೂ ಕೂಗದೆ, ಇಡೀ ತರಗತಿಗೆ ನೆನೆಸಿದ ಕಡಲೆಕಾಳು ಹಂಚುತ್ತಿದ್ದೇವೆ.